ಸೀಲ್ ಇದ್ದ ಬಾಟಲಿಯ ನೀರನ್ನೇ ಕುಡಿದರೂ ಹೊಟ್ಟೆ ಕೆಟ್ಟದ್ದೇಕೆ?

ಪ್ರಶ್ನೆ: ಎರಡು ವರ್ಷಗಳ ಹಿಂದೆ ನಾನೂ ನನ್ನ ಪತಿಯೂ ಉಷ್ಣವಲಯದ ಎರಡು ದೇಶಗಳಲ್ಲಿ ಹದಿನೈದು ದಿನ ಸುತ್ತಾಡಿದೆವು. ನಲ್ಲಿ ನೀರನ್ನು ಒಂದು ಗುಟುಕೂ ಕುಡಿಯದೆ, ಸೀಲ್ ಇದ್ದ ಬಾಟಲಿಯ ನೀರನ್ನೇ ಕೊಂಡು ಕುಡಿದೆವು. ಆದರೂ ಐದನೆಯ ದಿನ ನನಗೆ, ಮರುದಿನ ಅವರಿಗೆ ಭೇದಿ ಶುರುವಾಗಿ ಮೂರು ದಿನ ಕೋಣೆ ಬಿಟ್ಟು ಹೊರಗೆ ಕಾಲಿಡಲಾಗಲಿಲ್ಲ. ಇನ್ನೆರಡು ತಿಂಗಳಲ್ಲಿ ಮತ್ತೆ ಮೂರು ವಾರಗಳ ಪ್ರವಾಸವಿದೆ. ಈ ಸಲ 66 ವರ್ಷದ ಅತ್ತೆಯವರೂ ಐದು ವರ್ಷದ ಮಗನೂ ಜೊತೆಗಿರುತ್ತಾರೆ. ಅತ್ತೆಯವರು ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ಎದೆಯುರಿಗಾಗಿ ಆಮ್ಲ ತಗ್ಗಿಸುವ ಮಾತ್ರೆಯನ್ನೂ ದಿನಾ ತೆಗೆದುಕೊಳ್ಳುತ್ತಾರೆ. 0.1 ಮೈಕ್ರಾನ್ ಫಿಲ್ಟರ್ ಇರುವ ಬಾಟಲಿಯೊಂದನ್ನು ಕೊಂಡಿದ್ದೇವೆ. ಅದೊಂದೇ ಸಾಕೇ? ಮುಂಜಾಗ್ರತೆಯಾಗಿ ಎಲ್ಲರೂ ದಿನಕ್ಕೊಂದು ಆಂಟಿಬಯಾಟಿಕ್ ನುಂಗಬಹುದೇ? ಮೊದಲ ದಿನದಿಂದಲೇ ಅಲ್ಲಿನ ನೀರನ್ನು ಸ್ವಲ್ಪ ಸ್ವಲ್ಪ ಕುಡಿದರೆ ಹೊಟ್ಟೆ ಒಗ್ಗಿಕೊಳ್ಳುತ್ತದೆ ಎಂದು ನನ್ನ ಪತಿ ವಾದಿಸುತ್ತಾರೆ. ಇದು ನಿಜವೇ? ಆ ಸೆಖೆಯಲ್ಲಿ ದಿನಕ್ಕೆ ಎಷ್ಟು ಲೀಟರ್ ನೀರು ಕುಡಿಯಬೇಕು?

ಉತ್ತರ: ನಿಮ್ಮ ಪ್ರಶ್ನೆಗಳೆಲ್ಲದರ ಹಿಂದೆ ಒಂದು ತೀರ್ಮಾನ ಅಡಗಿದೆ. ಹೋದ ಸಲ ಕಾಯಿಲೆ ಬಂದದ್ದು ನೀರಿನಿಂದಲೇ, ಆದ್ದರಿಂದ ಈ ಸಲ ನೀರಿನ ವಿಷಯದಲ್ಲಿ ಇನ್ನಷ್ಟು ಬಿಗಿಯಾಗಬೇಕು ಎಂದು ನೀವು ನಿರ್ಧರಿಸಿದಂತಿದೆ. ನೀರಿನ ಬಗ್ಗೆ ಎಚ್ಚರ ಬೇಕೇ ಬೇಕು, ಅದನ್ನು ವಿವರವಾಗಿಯೇ ಹೇಳುತ್ತೇನೆ. ಆದರೆ ನೀವು ಬರೆದುದನ್ನು ನೋಡಿದರೆ, ಆ ಪ್ರವಾಸದಲ್ಲಿ ನೀವು ಸರಿಯಾಗಿ ನಿಭಾಯಿಸಿದ ಒಂದೇ ಸಂಗತಿಯೆಂದರೆ ನೀರು. ರೋಗಾಣು ಬೇರೆ ದಾರಿಯಲ್ಲಿ ಬಂದಿರಬೇಕು.

ಪ್ರವಾಸದಿಂದ ಮರಳಿ ಹೊಟ್ಟೆಯ ತೊಂದರೆಯೊಂದಿಗೆ ನನ್ನಲ್ಲಿಗೆ ಬರುವವರನ್ನು ನಾನು ಕಾಯಿಲೆ ಶುರುವಾದ ಗಳಿಗೆಯಿಂದ ಹಿಂದಕ್ಕೆ ಲೆಕ್ಕ ಹಾಕಲು ಹೇಳುತ್ತೇನೆ. ಬ್ಯಾಕ್ಟೀರಿಯಾ ಅಥವಾ ವೈರಸ್ಸಿನಿಂದ ಬರುವ ಭೇದಿಯಾದರೆ ಅದಕ್ಕೆ ಕಾರಣವಾದ ತುತ್ತೋ ಗುಟುಕೋ ಸಾಮಾನ್ಯವಾಗಿ 6ರಿಂದ 72 ಗಂಟೆಗಳ ಹಿಂದೆ ಹೊಟ್ಟೆ ಸೇರಿರುತ್ತದೆ. "ಬಾಟಲಿ ನೀರು ಬಿಟ್ಟು ಬೇರೇನೂ ಕುಡಿದಿಲ್ಲ ಡಾಕ್ಟ್ರೇ" ಎಂದು ಖಡಾಖಂಡಿತವಾಗಿ ಹೇಳಿದವರೊಬ್ಬರು ಹೀಗೆ ಗಂಟೆಗಂಟೆಯ ಲೆಕ್ಕ ಕೊಡುತ್ತಾ ಹೋದಾಗ, ಹಿಂದಿನ ಸಂಜೆಯ ಹಣ್ಣಿನ ರಸದ ಲೋಟದಲ್ಲಿ ಮಂಜುಗಡ್ಡೆ ತೇಲುತ್ತಿತ್ತು, ಲೋಟವನ್ನು ಕಣ್ಣೆದುರೇ ಬಕೆಟ್ಟಿನ ನೀರಿನಲ್ಲಿ ಅದ್ದಿ ತೆಗೆದು ಹಾಗೆಯೇ ಹಸಿಯಾಗಿ ಕೊಟ್ಟಿದ್ದರು, ಊಟದ ಬದಿಗಿದ್ದ ಹಸಿ ತರಕಾರಿಯ ಸಲಾಡ್ ತಣ್ಣಗೆ, ತಾಜಾ ಆಗಿ ಕಾಣುತ್ತಿತ್ತು ಎಂದು ಒಂದೊಂದಾಗಿ ನೆನಪಾಯಿತು. ಇಷ್ಟಾದ ಮೇಲೂ ಬಾಟಲಿಯನ್ನು ದೂರುವುದರಲ್ಲಿ ಅರ್ಥವಿಲ್ಲ.

ಈ ರೋಗಾಣುಗಳು ಒಬ್ಬರ ಮಲದಿಂದ ಇನ್ನೊಬ್ಬರ ಬಾಯಿಗೆ ದಾಟುತ್ತವೆ. ನೀರು ಅದಕ್ಕೊಂದು ವಾಹನ. ಅಡುಗೆಯವರ ಕೈ, ನೊಣ, ತೊಳೆದ ತಟ್ಟೆಯ ಮೇಲಿನ ತೇವ, ಮೇಜಿನ ಮೇಲೆ ದಿನವಿಡೀ ತೆರೆದಿಟ್ಟ ಸಾಸ್ ಇವೂ ಅಷ್ಟೇ ಸಲೀಸಾದ ವಾಹನಗಳು. ಉಷ್ಣವಲಯದ ಹವೆ ಇದಕ್ಕೆ ಇಂಬು ಕೊಡುತ್ತದೆ. ಬೆಚ್ಚಗಿನ ಆಹಾರದಲ್ಲಿ ಅನುಕೂಲ ಸಿಕ್ಕ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ಮಧ್ಯಾಹ್ನ ಹನ್ನೆರಡಕ್ಕೆ ಒಂದು ಸಾವಿರ ಇದ್ದದ್ದು ನಾಲ್ಕು ಗಂಟೆಯ ಹೊತ್ತಿಗೆ 40 ಲಕ್ಷವನ್ನು ದಾಟುತ್ತದೆ. ಆದ್ದರಿಂದ ಬೀದಿ ಬದಿಯದ್ದು ಕೆಟ್ಟದ್ದು, ದೊಡ್ಡ ಹೋಟೆಲಿನದ್ದು ಒಳ್ಳೆಯದು ಎಂಬ ವಿಂಗಡಣೆಯನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಕಣ್ಣೆದುರೇ ಕುದಿಯುವ ಎಣ್ಣೆಯಿಂದ ತೆಗೆದು ಕೊಟ್ಟದ್ದು, ಉಗುರುಬೆಚ್ಚಗಿನ ಪಾತ್ರೆಯಲ್ಲಿ ಮೂರು ಗಂಟೆ ಕಾದು ಕುಳಿತ ಬಫೆ ಊಟಕ್ಕಿಂತ ಎಷ್ಟೋ ಮೇಲು. ಹಬೆಯಾಡುವಷ್ಟು ಬಿಸಿಯಾದದ್ದು, ನೀವೇ ಕೈ ತೊಳೆದು ಸಿಪ್ಪೆ ಸುಲಿದದ್ದು, ಒಣಗಿದ್ದು, ಈ ಮೂರರಲ್ಲಿ ಯಾವುದಾದರೂ ಆಗಿದ್ದರೆ ನಾನು ಹೆಚ್ಚು ಯೋಚಿಸದೆ ತಿನ್ನುತ್ತೇನೆ. ಕತ್ತರಿಸಿಟ್ಟ ಹಣ್ಣು, ಹಸಿ ಸೊಪ್ಪು, ಮತ್ತೆ ಬಿಸಿಮಾಡಿದ ಅನ್ನ, ಅರೆಬೆಂದ ಮೀನು ಮತ್ತು ಚಿಪ್ಪುಜೀವಿಗಳನ್ನು ಬಿಡುತ್ತೇನೆ.

ಇಷ್ಟೆಲ್ಲ ಪಾಲಿಸಿದರೂ ಕಾಯಿಲೆ ಬರಬಹುದು. ಹೋಗುವ ಜಾಗ ಮತ್ತು ಋತುವಿಗೆ ತಕ್ಕಂತೆ, ಎರಡು ವಾರಗಳ ಪ್ರವಾಸದಲ್ಲಿ ನೂರಕ್ಕೆ 30ರಿಂದ 70 ಮಂದಿಗೆ ಭೇದಿ ತಗಲುತ್ತದೆಂದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಅಂದಾಜು ಮಾಡಿದೆ. ನಿಮ್ಮನ್ನು ಹೆದರಿಸಲು ಈ ಅಂಕಿಯನ್ನು ಹೇಳುತ್ತಿಲ್ಲ. ಕಾಯಿಲೆ ಬಂದವರೆಲ್ಲ ಅಜಾಗರೂಕರೂ ಅಲ್ಲ, ಬರದವರೆಲ್ಲ ಜಾಣರೂ ಅಲ್ಲ. ಅಡುಗೆಮನೆಯ ಒಳಗೆ ನಡೆಯುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಎರಡು: ಕುಡಿಯುವ ನೀರನ್ನು ಭದ್ರವಾಗಿಸುವುದು, ಭೇದಿ ಬಂದಾಗ ಮೈಯ ನೀರು ಬತ್ತದಂತೆ ನೋಡಿಕೊಳ್ಳುವುದು. ನಿಮ್ಮ ಅತ್ತೆಯವರ ಮತ್ತು ಮಗುವಿನ ಮಟ್ಟಿಗೆ ಎರಡನೆಯದೇ ಹೆಚ್ಚು ಮುಖ್ಯ.

ಈಗ ಫಿಲ್ಟರಿನ ವಿಷಯ. ಪ್ರವಾಸಿಗರ ಭೇದಿಗೆ ಬಹುಪಾಲು ಕಾರಣ ಬ್ಯಾಕ್ಟೀರಿಯಾಗಳು, ಅವುಗಳಲ್ಲಿಯೂ ಇ.ಕೊಲೈಯ ಕೆಲವು ತಳಿಗಳು ಮುಂಚೂಣಿಯಲ್ಲಿವೆ. ಉಳಿದದ್ದು ನೊರೊವೈರಸ್ ಮೊದಲಾದ ವೈರಸ್ಸುಗಳದ್ದು ಮತ್ತು ಜಿಯಾರ್ಡಿಯಾ, ಕ್ರಿಪ್ಟೊಸ್ಪೊರಿಡಿಯಂ ಮೊದಲಾದ ಏಕಕೋಶ ಪರೋಪಜೀವಿಗಳದ್ದು. ಇವುಗಳ ಗಾತ್ರ ಒಂದೇ ತೆರನಲ್ಲ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಕ್ರಿಪ್ಟೊಸ್ಪೊರಿಡಿಯಂ 4ರಿಂದ 6 ಮೈಕ್ರಾನ್ ಇರುತ್ತದೆ, ಭೇದಿ ತರುವ ಬ್ಯಾಕ್ಟೀರಿಯಾಗಳು ಹೆಚ್ಚುಕಡಿಮೆ ಅರ್ಧದಿಂದ ಎರಡು ಮೈಕ್ರಾನ್. ಇವೆರಡನ್ನೂ ನಿಮ್ಮ 0.1 ಮೈಕ್ರಾನ್ ಫಿಲ್ಟರ್ ತಡೆಯುತ್ತದೆ. ಆದರೆ ನೊರೊವೈರಸ್ ಮತ್ತು ಕಾಮಾಲೆ ತರುವ ಹೆಪಟೈಟಿಸ್ ಎ ವೈರಸ್ಸುಗಳ ಅಗಲ ಸುಮಾರು 0.03 ಮೈಕ್ರಾನ್ ಮಾತ್ರ. ನಿಮ್ಮ ಫಿಲ್ಟರಿನ ರಂಧ್ರ ಅವುಗಳಿಗೆ ಮೂರು ಪಟ್ಟು ಅಗಲದ ಬಾಗಿಲು. ಹಾಗಾಗಿ ಅದೊಂದೇ ಸಾಲದು.

ಕ್ಲೋರಿನ್ ಮಾತ್ರೆಯ ಕಥೆ ಇದಕ್ಕೆ ತದ್ವಿರುದ್ಧ. ಅದು ಬ್ಯಾಕ್ಟೀರಿಯಾಗಳನ್ನೂ ವೈರಸ್ಸುಗಳನ್ನೂ ಕೊಲ್ಲುತ್ತದೆ, ಆದರೆ ಗಟ್ಟಿ ಕವಚವಿರುವ ಕ್ರಿಪ್ಟೊಸ್ಪೊರಿಡಿಯಂ ಅದಕ್ಕೆ ಜಗ್ಗುವುದಿಲ್ಲ. ಕ್ಲೋರಿನ್ ಹಾಕಿದ ಈಜುಕೊಳದಲ್ಲಿಯೂ ಅದು ಒಂದು ವಾರಕ್ಕಿಂತ ಹೆಚ್ಚು ಕಾಲ ಬದುಕಿರಬಲ್ಲದು. ನಿಮ್ಮ ಮಗ ಹೋಟೆಲಿನ ಕೊಳದಲ್ಲಿ ಆಡುವವನಾದರೆ, ನೀರು ನುಂಗಬಾರದೆಂದು ಈಗಿನಿಂದಲೇ ಹೇಳಿಕೊಡಿ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದ, ಮೊದಲು ಸೋಸಿ ಆಮೇಲೆ ಕ್ಲೋರಿನ್ ಮಾತ್ರೆ ಹಾಕುವುದು ನಿಮಗೆ ಸರಿಯಾದ ಜೋಡಿ. ಈ ಕ್ರಮವನ್ನು ತಿರುಗಿಸಬೇಡಿ. ನೀರಿನಲ್ಲಿ ಮಣ್ಣು, ಕಸ ಇದ್ದಷ್ಟೂ ಕ್ಲೋರಿನ್ನಿನ ಶಕ್ತಿ ಅದರ ಮೇಲೆಯೇ ವ್ಯಯವಾಗುತ್ತದೆ.

ಮಾತ್ರೆ ಹಾಕಿದ ಕೂಡಲೇ ನೀರು ಶುದ್ಧವಾಗುವುದಿಲ್ಲ. ಪೊಟ್ಟಣದ ಮೇಲೆ ಎಷ್ಟು ಲೀಟರಿಗೆ ಎಷ್ಟು ಮಾತ್ರೆ ಎಂದು ಬರೆದಿದೆಯೋ ಅದನ್ನೇ ಪಾಲಿಸಿ, ಕನಿಷ್ಠ ಅರ್ಧ ಗಂಟೆ ಕಾಯಿರಿ. ನೀರು ತಣ್ಣಗಿದ್ದರೆ ಇನ್ನೂ ಹೆಚ್ಚು ಹೊತ್ತು ಬೇಕು. ಹಾಕಿ ಸ್ವಲ್ಪ ಹೊತ್ತಾದ ಮೇಲೆ ಬಾಟಲಿಯ ಮುಚ್ಚಳವನ್ನು ಕೊಂಚ ಸಡಿಲಿಸಿ, ಬಾಟಲಿಯನ್ನು ಓರೆಮಾಡಿ, ಮದ್ದು ಬೆರೆತ ನೀರು ಕುತ್ತಿಗೆಯ ಸುರುಳಿಯ ಮೇಲೆಲ್ಲ ಹರಿಯುವಂತೆ ಮಾಡಿ ಮತ್ತೆ ಬಿಗಿಮಾಡಿ. ನಿಮ್ಮ ತುಟಿ ತಗಲುವುದು ಆ ಸುರುಳಿಗೇ, ಹಸಿ ನೀರಿನ ಹನಿಗಳು ಉಳಿಯುವುದೂ ಅಲ್ಲಿಯೇ. ವಾಸನೆ ಹಿಡಿಸದಿದ್ದರೆ ಕಾಯುವ ಅವಧಿ ಮುಗಿದ ಮೇಲೆ ಚಿಟಿಕೆ ವಿಟಮಿನ್ ಸಿ ಪುಡಿ ಹಾಕಿದರೆ ವಾಸನೆ ಹೋಗುತ್ತದೆ. ಮೊದಲೇ ಹಾಕಿದರೆ ಕ್ಲೋರಿನ್ನೂ ಹೋಗುತ್ತದೆ. ಅಯೊಡಿನ್ ಮಾತ್ರೆಯೂ ಸಿಗುತ್ತದೆ. ಥೈರಾಯ್ಡ್ ತೊಂದರೆ ಇರುವವರಿಗೆ, ಗರ್ಭಿಣಿಯರಿಗೆ ಅದು ಬೇಡ, ಉಳಿದವರಿಗೂ ವಾರಗಟ್ಟಲೆ ಬೇಡ. ಕ್ಲೋರಿನ್ ಡೈಆಕ್ಸೈಡ್ ಎಂಬ ಬೇರೆಯೇ ಮಾತ್ರೆ ಕ್ರಿಪ್ಟೊಸ್ಪೊರಿಡಿಯಂ ಅನ್ನೂ ಕೊಲ್ಲುತ್ತದೆ, ಆದರೆ ಅದಕ್ಕೆ ನಾಲ್ಕು ಗಂಟೆ ಬೇಕು. ಬಾಯಾರಿದ ಮಗುವನ್ನು ನಾಲ್ಕು ಗಂಟೆ ಕಾಯಿಸುವುದು ಸಾಧ್ಯವಿಲ್ಲದ್ದರಿಂದ ರಾತ್ರಿ ಮಲಗುವಾಗ ಹಾಕಿಡುವುದಕ್ಕಷ್ಟೇ ಅದು ಯೋಗ್ಯ. ಅತಿನೇರಳೆ ಕಿರಣದ ಪೆನ್ನುಗಳು ತಿಳಿನೀರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಕಲಕಿದ ನೀರಿನಲ್ಲಿ ಕಣಗಳ ಮರೆಯಲ್ಲಿ ರೋಗಾಣು ಉಳಿದುಬಿಡುತ್ತದೆ, ಬ್ಯಾಟರಿ ಮುಗಿದರೆ ಏನೂ ಉಳಿಯುವುದಿಲ್ಲ.

ಫಿಲ್ಟರ್ ಬಳಸುವವರು ಮಾಡುವ ತಪ್ಪುಗಳಲ್ಲಿ ನನಗೆ ಮರೆಯಲಾಗದ್ದು ಒಂದಿದೆ. ಹತ್ತು ದಿನದ ಭೇದಿಯ ನಂತರ ನನ್ನಲ್ಲಿಗೆ ಬಂದ ಯುವಕನೊಬ್ಬ ತನ್ನ ಫಿಲ್ಟರನ್ನು ಮೇಜಿನ ಮೇಲಿಟ್ಟು, ಇದು ಮೋಸದ ಸಾಮಾನು ಎಂದು ಸಿಟ್ಟಾದ. ಚೀಲ ಬಿಚ್ಚಿ ನೋಡಿದರೆ, ಹೊಳೆಯ ನೀರು ಎಳೆಯುವ ಕೊಳವೆಯನ್ನೂ ಶುದ್ಧ ನೀರು ಬರುವ ಕೊಳವೆಯನ್ನೂ ಒಂದೇ ಒದ್ದೆ ಚೀಲದಲ್ಲಿ ಸುತ್ತಿಟ್ಟಿದ್ದ. ಸಾಮಾನು ತನ್ನ ಕೆಲಸ ಮಾಡಿತ್ತು, ಚೀಲ ಅದನ್ನು ಕೆಡಿಸಿತ್ತು. ಕಚ್ಚಾ ನೀರಿನ ಭಾಗಕ್ಕೂ ಕುಡಿಯುವ ಭಾಗಕ್ಕೂ ಎರಡು ಬೇರೆ ಚೀಲಗಳಿರಲಿ. ಇನ್ನೊಂದು ಮಾತು: ಟೊಳ್ಳು ನಾರಿನ ಫಿಲ್ಟರ್ ಒಮ್ಮೆ ಒದ್ದೆಯಾಗಿ ಆಮೇಲೆ ಹೆಪ್ಪುಗಟ್ಟಿದರೆ ಒಳಗಿನ ಎಳೆಗಳು ಬಿರುಕುಬಿಡುತ್ತವೆ, ಹೊರಗೆ ಏನೂ ಕಾಣುವುದಿಲ್ಲ. ಉಷ್ಣವಲಯದಲ್ಲಿಯೂ ಎತ್ತರದ ಬೆಟ್ಟಗಳ ರಾತ್ರಿಗಳಲ್ಲಿ ಇದು ಆಗುತ್ತದೆ. ಅಂಥ ಕಡೆ ಅದನ್ನು ಹೊದಿಕೆಯೊಳಗೆ ಇಟ್ಟುಕೊಂಡು ಮಲಗಿ. ಬರೀ ಇದ್ದಿಲಿನ ಫಿಲ್ಟರ್ ಆದರೆ ಅದು ರುಚಿ ಮತ್ತು ವಾಸನೆಗಷ್ಟೇ, ರೋಗಾಣುವಿಗಲ್ಲ.

ಇಷ್ಟೆಲ್ಲ ಉಪಕರಣಗಳ ಮಾತಾಡಿದ ಮೇಲೂ, ಕೋಣೆಯಲ್ಲಿ ಒಂದು ವಿದ್ಯುತ್ ಕೆಟಲ್ ಇದ್ದರೆ ನಾನು ಬೇರೇನನ್ನೂ ಮುಟ್ಟುವುದಿಲ್ಲ. ಕುದಿಸುವುದು ಬ್ಯಾಕ್ಟೀರಿಯಾ, ವೈರಸ್, ಪರೋಪಜೀವಿ ಮೂರನ್ನೂ ಒಟ್ಟಿಗೆ ಮುಗಿಸುತ್ತದೆ. ನೀರು ತಳಮಳನೆ ಮರಳತೊಡಗಿದ ಮೇಲೆ ಒಂದು ನಿಮಿಷ ಸಾಕು. ಸಮುದ್ರಮಟ್ಟದಿಂದ 2,000 ಮೀಟರಿಗಿಂತ ಎತ್ತರದಲ್ಲಿ ನೀರು ಕಡಿಮೆ ಉಷ್ಣತೆಗೇ ಕುದಿಯುವುದರಿಂದ ಮೂರು ನಿಮಿಷ ಬಿಡಿ. ಇಪ್ಪತ್ತು ನಿಮಿಷ ಕುದಿಸಬೇಕೆಂಬ ಮಾತು ಇಂಧನ ಸುಡುವುದಕ್ಕಷ್ಟೇ ಸರಿ. ಈ ರೋಗಾಣುಗಳು ಸುಮಾರು 70 ಡಿಗ್ರಿ ಸೆಲ್ಸಿಯಸ್ಸಿನಲ್ಲಿಯೇ ಸಾಯತೊಡಗುತ್ತವೆ. ಕುದಿಯುವುದು ನಮಗೆ ಉಷ್ಣಮಾಪಕವಿಲ್ಲದೆ ಕಣ್ಣಿಗೆ ಕಾಣುವ ಗುರುತು, ಅಷ್ಟೆ. ಕುದಿಸಿದ್ದನ್ನು ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು ಆರಿಸಿ. ಕುದಿಸಿದ ನೀರನ್ನು ಹಸಿ ನೀರಿನಲ್ಲಿ ತೊಳೆದ ಬಾಟಲಿಗೆ ತುಂಬಿದರೆ ಮಾಡಿದ್ದೆಲ್ಲ ನೀರುಪಾಲು.

ಇವ್ಯಾವುದೂ ನೀರಿನಲ್ಲಿ ಕರಗಿದ ಆರ್ಸೆನಿಕ್, ಕೀಟನಾಶಕ, ಕಾರ್ಖಾನೆಯ ರಾಸಾಯನಿಕಗಳನ್ನು ತೆಗೆಯುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಅವು ಇನ್ನಷ್ಟು ಗಾಢವಾಗುತ್ತವೆ. ಅಂಥ ಅನುಮಾನವಿರುವಲ್ಲಿ ಬಾಟಲಿಯ ನೀರೇ ಗತಿ. ಬಾಟಲಿ ಕೊಳ್ಳುವಾಗ ಮುಚ್ಚಳದ ಕೆಳಗಿನ ಉಂಗುರ ನಿಮ್ಮ ಕೈಯಲ್ಲಿಯೇ ಪಟಪಟನೆ ಮುರಿಯಬೇಕು. ಸಲೀಸಾಗಿ ತಿರುಗಿದರೆ ಮರಳಿಸಿ. ಗುಳ್ಳೆ ತುಂಬಿದ ಸೋಡಾ ನೀರನ್ನು ಮತ್ತೆ ತುಂಬಿ ಮಾರುವುದು ಕಷ್ಟವಾದ್ದರಿಂದ, ಸಂಶಯವಿರುವ ಅಂಗಡಿಯಲ್ಲಿ ಅದು ಹೆಚ್ಚು ನಂಬಿಕೆಗೆ ಅರ್ಹ.

ಬಾಟಲಿಯನ್ನು ನಂಬಿದವರು ಹೆಚ್ಚಾಗಿ ಎಡವುವುದು ಮಂಜುಗಡ್ಡೆಯಲ್ಲಿ. ಹೆಪ್ಪುಗಟ್ಟಿದರೆ ರೋಗಾಣು ಸಾಯುತ್ತದೆಂಬುದು ಸುಳ್ಳು. ಪ್ರಯೋಗಾಲಯಗಳಲ್ಲಿ ನಾವು ಅವುಗಳನ್ನು ಉಳಿಸಿಕೊಳ್ಳುವುದೇ ಹೆಪ್ಪುಗಟ್ಟಿಸಿ. ಲೋಟದಲ್ಲಿ ಮದ್ಯವಿದ್ದರೆ ಮಂಜುಗಡ್ಡೆ ಶುದ್ಧವಾಗುತ್ತದೆಂಬುದೂ ಸುಳ್ಳು. ಹಲ್ಲುಜ್ಜಿ ಬಾಯಿ ಮುಕ್ಕಳಿಸುವುದಕ್ಕೂ ಕುಡಿಯುವ ನೀರನ್ನೇ ಬಳಸಿ. ರಾತ್ರಿಯೇ ಒಂದು ಲೋಟ ನೀರನ್ನು ಬ್ರಷ್ಷಿನ ಪಕ್ಕ ಇಟ್ಟರೆ ನಿದ್ದೆಗಣ್ಣಿನಲ್ಲಿ ನಲ್ಲಿ ತಿರುಗಿಸುವುದು ತಪ್ಪುತ್ತದೆ. ಸ್ನಾನಕ್ಕೆ ನಲ್ಲಿ ನೀರು ಸಾಕು, ಬಾಯಿ ಮುಚ್ಚಿಕೊಂಡಿದ್ದರಾಯಿತು. ಊಟಕ್ಕೆ ಮುಂಚೆ ಮತ್ತು ಶೌಚದ ನಂತರ ಸೋಪಿನಿಂದ 20 ಸೆಕೆಂಡ್ ಕೈ ತೊಳೆಯಿರಿ. ಸ್ಯಾನಿಟೈಸರ್ ಸೋಪು ಸಿಗದಾಗ ಪರವಾಗಿಲ್ಲ, ಆದರೆ ನೊರೊವೈರಸ್ ಮತ್ತು ಕ್ರಿಪ್ಟೊಸ್ಪೊರಿಡಿಯಂ ಅದಕ್ಕೆ ಸುಲಭವಾಗಿ ಬಗ್ಗುವುದಿಲ್ಲ.

ನಿಮ್ಮ ಪತಿಯವರ ವಾದದಲ್ಲಿ ಅರ್ಧ ಸತ್ಯವಿದೆ. ಒಂದು ಪ್ರದೇಶದಲ್ಲಿ ದೀರ್ಘಕಾಲ ನೆಲೆಸಿದವರಿಗೆ ಅಲ್ಲಿನ ಇ.ಕೊಲೈ ತಳಿಗಳ ವಿರುದ್ಧ ಒಂದಿಷ್ಟು ರೋಗನಿರೋಧಕ ಶಕ್ತಿ ಬರುತ್ತದೆ. ಆದರೆ ಅದು ಹಲವು ಸಲ ಸೋಂಕು ತಗಲಿ, ತಿಂಗಳುಗಳು, ವರ್ಷಗಳು ಕಳೆದ ಮೇಲಿನ ಮಾತು. ಬಂದ ಶಕ್ತಿಯೂ ಅಲ್ಲಿಂದ ದೂರವಾದ ಮೇಲೆ ಕುಂದುತ್ತದೆ. ಮೂರು ವಾರದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿದು ಪಡೆಯುವುದು ಶಕ್ತಿಯನ್ನಲ್ಲ, ಸೋಂಕನ್ನು. ಶಿಗೆಲ್ಲಾ ಎಂಬ ರಕ್ತಭೇದಿಯ ಬ್ಯಾಕ್ಟೀರಿಯಾ ಹತ್ತರಿಂದ ನೂರು ಕಣಗಳಷ್ಟೇ ಒಳಹೊಕ್ಕರೂ ಕಾಯಿಲೆ ತರಬಲ್ಲದು. ಅದಕ್ಕೆ ಗುಟುಕು ಯಾವ ಲೆಕ್ಕ, ಹನಿ ಸಾಕು. ಬಿಸಿ ನಾಡಿನಲ್ಲಿಯೇ ಹುಟ್ಟಿ ಬೆಳೆದವರೂ ತಮಗೇನೂ ಆಗದೆಂದು ತಿಳಿಯುತ್ತಾರೆ. ಇನ್ನೊಂದು ದೇಶದ ರೋಗಾಣು ನಮ್ಮ ಹುಟ್ಟೂರನ್ನು ವಿಚಾರಿಸುವುದಿಲ್ಲ.

ದಿನಾ ಆಂಟಿಬಯಾಟಿಕ್ ನುಂಗುವ ಯೋಚನೆಯನ್ನು ದಯವಿಟ್ಟು ಬಿಡಿ. ಅದು ವೈರಸ್ಸುಗಳನ್ನು ಮುಟ್ಟುವುದಿಲ್ಲ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ, ಅವು ತೆರವು ಮಾಡಿದ ಜಾಗದಲ್ಲಿ ಔಷಧಿಗೆ ಬಗ್ಗದ ತಳಿಗಳು ಬಂದು ಕೂರುತ್ತವೆ. ಹಾಗೆ ಕುಳಿತ ತಳಿಗಳನ್ನು ಪ್ರವಾಸಿಗರು ಅರಿವಿಲ್ಲದೆ ಮನೆಗೂ ತರುತ್ತಾರೆ. ರೋಗನಿರೋಧಕ ಶಕ್ತಿ ತೀರಾ ಕುಂದಿದ ಕೆಲವರಿಗಷ್ಟೇ ನಾವು ಇದನ್ನು ಯೋಚಿಸುತ್ತೇವೆ. ಆದರೆ ತೀವ್ರ ಕಾಯಿಲೆ ಬಂದರೆ ಬಳಸಲೆಂದು ಒಂದು ಚಿಕಿತ್ಸೆಯಷ್ಟು ಮಾತ್ರೆಯನ್ನು, ಹೆಚ್ಚಾಗಿ ಅಜಿಥ್ರೊಮೈಸಿನ್ ಅನ್ನು, ವೈದ್ಯರಿಂದ ಬರೆಸಿಕೊಂಡು ಒಯ್ಯುವುದು ಬೇರೆ ಮಾತು. ನಗರದಿಂದ ದೂರ ಹೋಗುವವರಿಗೆ ನಾನೂ ಬರೆದುಕೊಡುತ್ತೇನೆ. ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ, ಹಾಸಿಗೆ ಬಿಟ್ಟು ಏಳಲಾಗದಿದ್ದರೆ ಅದು ಬಳಕೆಗೆ ಬರುತ್ತದೆ. ಎರಡು ಮೂರು ಸಲ ಸಡಿಲವಾಗಿ ಹೋದದ್ದಕ್ಕೆ ಬೇಡ. ಭೇದಿ ನಿಲ್ಲಿಸುವ ಲೊಪೆರಮೈಡ್ ಮಾತ್ರೆ ಉದ್ದನೆಯ ಬಸ್ ಪ್ರಯಾಣದ ದಿನ ನಿಮ್ಮಿಬ್ಬರಿಗೆ ಉಪಕಾರ ಮಾಡಬಹುದು, ಆದರೆ ಜ್ವರ ಅಥವಾ ರಕ್ತ ಇದ್ದಾಗ ಅದನ್ನು ಮುಟ್ಟಬಾರದು, ಮಗುವಿಗೆ ಕೊಡಲೇಬಾರದು. ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ತುಂಬಿದ ಪ್ರೊಬಯಾಟಿಕ್ ಪುಡಿಗಳ ಮೇಲೆ ಹಣ ಹಾಕುವಷ್ಟು ಪುರಾವೆ ನನಗೆ ಕಂಡಿಲ್ಲ.

ಅತ್ತೆಯವರ ಎರಡು ಮಾತ್ರೆಗಳನ್ನು ನೀವು ಬರೆದದ್ದು ಒಳ್ಳೆಯದಾಯಿತು. ಹೊಟ್ಟೆಯ ಆಮ್ಲ ನಮ್ಮ ದೇಹದ ಮೊದಲ ಕಾವಲುಗಾರ. ಕಾಲರಾದಂಥ ಬ್ಯಾಕ್ಟೀರಿಯಾಗಳು ಆಮ್ಲವನ್ನು ದಾಟಲು ಕೋಟಿಗಟ್ಟಲೆ ಸಂಖ್ಯೆಯಲ್ಲಿ ಬರಬೇಕಾಗುತ್ತದೆ. ಆಮ್ಲ ತಗ್ಗಿದಾಗ ಅದರ ಸಾವಿರ ಪಟ್ಟು ಕಡಿಮೆ ಸಂಖ್ಯೆಯೂ ಸಾಕಾಗುತ್ತದೆ. ಆದ್ದರಿಂದ ನೀವೆಲ್ಲರೂ ಒಂದೇ ತಟ್ಟೆಯಲ್ಲಿ ತಿಂದರೂ ಕಾಯಿಲೆ ಬೀಳುವ ಸಂಭವ ಅವರಿಗೇ ಹೆಚ್ಚು. ಎದೆಯುರಿಯ ಮಾತ್ರೆ ಈಗಲೂ ನಿಜವಾಗಿ ಬೇಕೇ, ಪ್ರವಾಸದ ಮೂರು ವಾರ ಬಿಡಬಹುದೇ ಎಂದು ಅದನ್ನು ಬರೆದ ವೈದ್ಯರನ್ನೇ ಕೇಳಿ. ಮೂತ್ರ ಹೆಚ್ಚಿಸುವ ಮಾತ್ರೆಯ ಅಪಾಯ ಬೇರೆ ಬಗೆಯದು. ಭೇದಿಯಲ್ಲಿ ನೀರು ಹೋಗುತ್ತಿರುವಾಗಲೇ ಅದು ಮೂತ್ರದಲ್ಲಿಯೂ ನೀರು, ಉಪ್ಪನ್ನು ಹೊರದಬ್ಬುತ್ತದೆ. ರಕ್ತದೊತ್ತಡ ಕುಸಿದು ತಲೆಸುತ್ತಿ ಬೀಳುವುದು, ಮೂತ್ರಪಿಂಡಕ್ಕೆ ಪೆಟ್ಟಾಗುವುದು ಹೀಗೆ. ವಾಂತಿಭೇದಿಯ ದಿನಗಳಲ್ಲಿ ಅದನ್ನು ನಿಲ್ಲಿಸಬೇಕೇ, ಮತ್ತೆ ಯಾವಾಗ ಶುರುಮಾಡಬೇಕು ಎಂಬ ಸೂಚನೆಯನ್ನು ಹೊರಡುವ ಮುನ್ನವೇ ಬರೆಸಿಕೊಳ್ಳಿ. ನೀವಾಗಿಯೇ ನಿಲ್ಲಿಸಬೇಡಿ.

ನಿಮ್ಮ ಚೀಲದಲ್ಲಿ ಫಿಲ್ಟರಿಗಿಂತ ಬೆಲೆಬಾಳುವ ವಸ್ತುವೆಂದರೆ ಓಆರ್‌ಎಸ್ ಪೊಟ್ಟಣಗಳು. ಭೇದಿಯಲ್ಲಿ ಕರುಳು ನೀರನ್ನು ಸುರಿಸುತ್ತಿದ್ದರೂ ಗ್ಲೂಕೋಸ್ ಮತ್ತು ಸೋಡಿಯಂ ಒಟ್ಟಿಗೆ ಬಂದಾಗ ಅವನ್ನು ಒಳಗೆ ಎಳೆದುಕೊಳ್ಳುವ ದಾರಿ ತೆರೆದೇ ಇರುತ್ತದೆ, ಅವುಗಳ ಹಿಂದೆ ನೀರೂ ಹೋಗುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿದಾಗ ಡಾ. ದಿಲೀಪ್ ಮಹಲನೋಬಿಸ್ ಅವರು ಉಪ್ಪು ಮತ್ತು ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ಬಂಧುಗಳ ಕೈಯಿಂದಲೇ ರೋಗಿಗಳಿಗೆ ಕುಡಿಸಿ ಸಾವಿರಾರು ಜೀವ ಉಳಿಸಿದ್ದು ಇದೇ ತತ್ತ್ವದ ಮೇಲೆ. ಈಗಿನ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಲ್ಲಿ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿಗೆ, ಪೂರ್ತಿ ಕರಗಿಸಬೇಕು. ಅರ್ಧ ಪೊಟ್ಟಣವನ್ನು ಅಂದಾಜಿನ ಮೇಲೆ ಲೋಟಕ್ಕೆ ಸುರಿಯುವುದು ಅಪಾಯ. ಉಪ್ಪು ಹೆಚ್ಚಾದರೆ ಮಗುವಿಗೆ ಕೇಡು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಹಾ ಚಮಚ ಉಪ್ಪು, ಎರಡನ್ನೂ ಚಮಚದ ಅಂಚಿಗೆ ಸಮಮಾಡಿ ಹಾಕಿ. ಬಾಟಲಿಯ ಸಿಹಿ ಪಾನೀಯಗಳು ಇದಕ್ಕೆ ಬದಲಿಯಲ್ಲ. ಅವುಗಳ ಸಕ್ಕರೆಯೇ ಕರುಳಿಗೆ ಇನ್ನಷ್ಟು ನೀರನ್ನು ಸೆಳೆದು ಭೇದಿಯನ್ನು ಹೆಚ್ಚಿಸುತ್ತದೆ.

ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ 100ರಿಂದ 200 ಮಿಲಿಲೀಟರ್ ಕೊಡಿ, ಲೋಟ ಬಾಯಿಗಿಟ್ಟು ಒಮ್ಮೆಲೇ ಅಲ್ಲ, ಗುಟುಕು ಗುಟುಕಾಗಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಮತ್ತೆ ಶುರುಮಾಡಿ. ಹೆಚ್ಚಿನ ತಾಯಂದಿರು ಇಲ್ಲಿಯೇ ಕೈಚೆಲ್ಲುತ್ತಾರೆ, ಕುಡಿದದ್ದೆಲ್ಲ ಹೊರಬಂತೆಂದು ನಿಲ್ಲಿಸಿಬಿಡುತ್ತಾರೆ. ಎಲ್ಲವೂ ಹೊರಬಂದಿರುವುದಿಲ್ಲ. ಊಟವನ್ನೂ ತಡೆಯಬೇಡಿ. ಆದರೆ ಮಗು ಆರೇಳು ಗಂಟೆ ಮೂತ್ರ ಮಾಡದಿದ್ದರೆ, ಅತ್ತರೆ ಕಣ್ಣೀರು ಬರದಿದ್ದರೆ, ಕಣ್ಣು ಗುಳಿಬಿದ್ದು ಮಂಕಾಗಿ ಮಲಗಿದರೆ, ದೊಡ್ಡವರಲ್ಲಿ ಎದ್ದು ನಿಂತರೆ ಕಣ್ಣು ಕತ್ತಲಿಟ್ಟರೆ ಅಥವಾ ಮಾತು ಗೊಂದಲವಾದರೆ, ಯಾರಿಗೇ ಆಗಲಿ ಮಲದಲ್ಲಿ ರಕ್ತ ಕಂಡರೆ, ಜ್ವರ ಏರಿದರೆ, ಅದೇ ದಿನ ಆಸ್ಪತ್ರೆಗೆ ಹೋಗಿ.

ಎಷ್ಟು ಲೀಟರ್ ಎಂಬ ಪ್ರಶ್ನೆಗೆ ಎಲ್ಲರಿಗೂ ಹೊಂದುವ ಒಂದೇ ಅಂಕಿ ಇಲ್ಲ. ಮೂತ್ರ ತಿಳಿಹಳದಿಯಾಗಿದ್ದು ದಿನಕ್ಕೆ ಹಲವು ಸಲ ಹೋಗುತ್ತಿದ್ದರೆ ಕುಡಿದದ್ದು ಸಾಕಾಗಿದೆ. ಗಾಢವಾಗಿ, ಅಪರೂಪವಾಗಿದ್ದರೆ ಸಾಲದು. ಅತ್ತೆಯವರು ಮಾತ್ರ ಬಾಯಾರಿಕೆಗಾಗಿ ಕಾಯಬಾರದು. ವಯಸ್ಸಾದಂತೆ ಬಾಯಾರಿಕೆಯ ಅರಿವು ಮಂಕಾಗುತ್ತದೆ, ಜೊತೆಗೆ ಅವರ ಮಾತ್ರೆ ಮೂತ್ರದ ಗುರುತನ್ನೂ ಸುಳ್ಳಾಗಿಸಬಹುದು. ಅವರ ಅಳತೆಯನ್ನು ವೈದ್ಯರಿಂದಲೇ ಕೇಳಿ ತಿಳಿಯಿರಿ. ಇನ್ನೊಂದು ಅತಿಯೂ ಇದೆ. ಬೆವರಿನಲ್ಲಿ ಉಪ್ಪು ಹೋಗುತ್ತಿರುವಾಗ ಗಂಟೆಗಟ್ಟಲೆ ಬರೀ ನೀರನ್ನೇ ಲೀಟರುಗಟ್ಟಲೆ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಂತಿ, ಗೊಂದಲ, ಕೊನೆಗೆ ಸೆಳವು ಬರಬಹುದು. ಹೊತ್ತುಹೊತ್ತಿಗೆ ಉಪ್ಪಿರುವ ಊಟ ಮಾಡುವವರಿಗೆ ಉಪ್ಪಿನ ಮಾತ್ರೆಯ ಅಗತ್ಯವಿಲ್ಲ. ದೇಹ ಸೆಖೆಗೆ ಹೊಂದಿಕೊಳ್ಳಲು ಒಂದರಿಂದ ಎರಡು ವಾರ ಬೇಕು. ನಿಮ್ಮ ಕಾರ್ಯಕ್ರಮದಲ್ಲಿ ದೊಡ್ಡ ನಡಿಗೆಗಳು ಮೊದಲ ಮೂರು ದಿನಗಳಲ್ಲಿಯೇ ಇದ್ದರೆ ಅವನ್ನು ಕೊನೆಗೆ ಸರಿಸಿ.

ನೀವು ಕೇಳದಿದ್ದರೂ ಎರಡು ವಿಷಯ ಹೇಳಲೇಬೇಕು. ಹೆಪಟೈಟಿಸ್ ಎ ಮತ್ತು ಟೈಫಾಯ್ಡ್ ಲಸಿಕೆಗಳ ಬಗ್ಗೆ ಈ ವಾರವೇ ವಿಚಾರಿಸಿ. ಟೈಫಾಯ್ಡ್ ಲಸಿಕೆಯ ರಕ್ಷಣೆ ಪೂರ್ಣವಲ್ಲ ಎಂಬುದು ನೆನಪಿರಲಿ. ಹೋಗುವ ದೇಶ ಹಳದಿ ಜ್ವರದ ಪ್ರಮಾಣಪತ್ರ ಕೇಳುವುದಾದರೆ, ಅದು ಲಸಿಕೆ ಹಾಕಿಸಿದ ಹತ್ತು ದಿನದ ನಂತರವಷ್ಟೇ ಊರ್ಜಿತವಾಗುತ್ತದೆ. 60 ದಾಟಿದವರಲ್ಲಿ ಆ ಲಸಿಕೆಯ ಗಂಭೀರ ಅಡ್ಡಪರಿಣಾಮಗಳ ಸಂಭವ ಹೆಚ್ಚಿರುವುದರಿಂದ ಅತ್ತೆಯವರ ವಿಷಯವನ್ನು ಪ್ರತ್ಯೇಕವಾಗಿ ಚರ್ಚಿಸಿ ನಿರ್ಧರಿಸಬೇಕು. ಎರಡನೆಯದು, ಬಾಯಿಗೆ ಹೋಗದ ನೀರೂ ಕಾಯಿಲೆ ತರುತ್ತದೆ. ಆಫ್ರಿಕಾದ ಮತ್ತು ದಕ್ಷಿಣ ಅಮೆರಿಕದ ಕೆಲವು ಸಿಹಿನೀರಿನ ಕೆರೆ, ಹೊಳೆಗಳಲ್ಲಿ ಬಸವನಹುಳುಗಳಿಂದ ಹೊರಬರುವ ಶಿಸ್ಟೊಸೋಮಾ ಎಂಬ ಹುಳುವಿನ ಮರಿಗಳು ಗಾಯವೇ ಇಲ್ಲದ ಚರ್ಮವನ್ನೂ ನಿಮಿಷಗಳಲ್ಲಿ ತೂರಿ ಒಳಹೋಗುತ್ತವೆ. ತಿಳಿನೀರು, ಸುಂದರ ದಂಡೆ, ಈಜುತ್ತಿರುವ ಸ್ಥಳೀಯ ಮಕ್ಕಳು, ಇವ್ಯಾವುದೂ ಸುರಕ್ಷೆಯ ಗುರುತಲ್ಲ. ಪ್ರವಾಹದ ನೀರಿನಲ್ಲಿ ಬರಿಗಾಲಿನಲ್ಲಿ ನಡೆದರೆ ಇಲಿಜ್ವರದ ಭಯ.

ಸೊಳ್ಳೆಗಳದ್ದೇ ಬೇರೆ ಅಧ್ಯಾಯ, ಇಲ್ಲಿ ಇಷ್ಟು ಸಾಕು: ಡೆಂಗಿಯ ಸೊಳ್ಳೆ ಹಗಲಿನಲ್ಲಿ, ಮಲೇರಿಯಾದ ಸೊಳ್ಳೆ ಮುಸ್ಸಂಜೆಯಿಂದ ಮುಂಜಾನೆಯವರೆಗೆ ಕಚ್ಚುತ್ತದೆ. ಮೊದಲು ಸನ್‌ಸ್ಕ್ರೀನ್, ಅದರ ಮೇಲೆ ಸೊಳ್ಳೆ ನಿವಾರಕ ಹಚ್ಚಿ. ಮಲೇರಿಯಾ ತಡೆಯುವ ಮಾತ್ರೆ ಕೊಟ್ಟಿದ್ದರೆ ಮನೆಗೆ ಬಂದ ಮೇಲೂ ಹೇಳಿದಷ್ಟು ದಿನ ನುಂಗಬೇಕು. ಕೆಲವು ಒಂದು ವಾರ, ಕೆಲವು ನಾಲ್ಕು ವಾರ.

ಮರಳಿದ ಮೇಲೆ ಎರಡು ವಾರಕ್ಕಿಂತ ಹೆಚ್ಚು ಭೇದಿ ಎಳೆದರೆ, ಹೊಟ್ಟೆಯುಬ್ಬರ, ದುರ್ವಾಸನೆಯ ತೇಗು, ತೂಕ ಇಳಿತ ಇದ್ದರೆ ಜಿಯಾರ್ಡಿಯಾಕ್ಕಾಗಿ ಮಲಪರೀಕ್ಷೆ ಮಾಡಿಸಿ. ಅದು ಒಂದೆರಡು ವಾರ ತಡವಾಗಿಯೇ ತಲೆಯೆತ್ತುತ್ತದೆ. ಮಲೇರಿಯಾ ಇರುವ ಪ್ರದೇಶದಿಂದ ಬಂದ ಮೇಲೆ, ಅದರಲ್ಲಿಯೂ ಮೊದಲ ಮೂರು ತಿಂಗಳಲ್ಲಿ, ಯಾರಿಗೆ ಜ್ವರ ಬಂದರೂ ಮಾತ್ರೆ ನುಂಗಿ ಕಾಯದೆ ಅದೇ ದಿನ ರಕ್ತಪರೀಕ್ಷೆಗೆ ಹೋಗಿ. ಯಾವ ದೇಶದಲ್ಲಿ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ ಇದ್ದಿರಿ ಎಂಬುದನ್ನು ವೈದ್ಯರು ಕೇಳುವ ಮೊದಲೇ ಹೇಳಿಬಿಡಿ. ಹೊರಗೆ ಸರತಿಯ ಸಾಲು ಬೆಳೆದಾಗ ಆ ಪ್ರಶ್ನೆ ನಮ್ಮ ಬಾಯಿಂದ ಬಾರದೆ ಹೋಗುವುದುಂಟು.